ಪ್ರಶ್ನೋತ್ತರ: ಲಾಗಿನ್‌ಗೆ ಹಾಕಿದ ಬೀಗ ನಿಜವಾಗಿ ಬಿದ್ದಿದೆಯೇ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಎಲ್ಲವೂ ಲಿನಕ್ಸ್ ಯಂತ್ರಗಳಲ್ಲಿ ಬಳಕೆದಾರರು ಒಳಗೆ ಬರುವ ಬಾಗಿಲಿಗೆ ಸಂಬಂಧಿಸಿದವು. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದರಲ್ಲಿ ಹೇಳಿರುವ ತೊಂದರೆ ಹೊಸಬರಿಗೆ ಮಾತ್ರ ಆಗುವಂಥದ್ದಲ್ಲ.

ಪ್ರಶ್ನೆ: ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಉಸ್ತುವಾರಿ ನನ್ನದು. ಉಬುಂಟು ಹಾಕಿದ 40 ಯಂತ್ರಗಳಿವೆ. ತಪ್ಪು ಪಾಸ್‌ವರ್ಡ್‌ನ್ನು ಮೂರು ಸಲ ಒತ್ತಿದವರ ಖಾತೆಗೆ ಬೀಗ ಬೀಳಲಿ ಎಂದು ‘ಕಾಮನ್-ಆಥ್’ ಫೈಲಿನಲ್ಲಿ, ತಪ್ಪು ಪ್ರಯತ್ನಗಳನ್ನು ಎಣಿಸುವ ಫೇಲ್‌ಲಾಕ್ ಎಂಬ ಘಟಕದ ಎರಡು ಸಾಲುಗಳನ್ನು ಸೇರಿಸಿದೆ. ಆ ಕ್ಷಣದಿಂದ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಯಾರಿಗೂ ಪ್ರವೇಶವಿಲ್ಲ. ಆಡಳಿತದ ಅಧಿಕಾರದಿಂದ ಆಜ್ಞೆ ನಡೆಸುವ ಸುಡೊ ಕೂಡ ಕೆಲಸ ಮಾಡಲಿಲ್ಲ. ರಿಕವರಿ ಮೋಡ್‌ಗೆ ಹೋಗಿ ಹಳೆಯ ಫೈಲನ್ನು ಮರಳಿ ಇಟ್ಟೆ. ಫೈಲಿನ ಪ್ರತಿಯನ್ನು ಲಗತ್ತಿಸಿದ್ದೇನೆ. ಸಾಲುಗಳಲ್ಲಿ ಕಾಗುಣಿತದ ತಪ್ಪೇನೂ ನನಗೆ ಕಾಣಲಿಲ್ಲ.

ಉತ್ತರ: ಕಾಗುಣಿತ ಸರಿಯಾಗಿಯೇ ಇದೆ. ತಪ್ಪಿರುವುದು ಎಣಿಕೆ. ಅದನ್ನು ಕಾಣಬೇಕಾದರೆ ಪ್ಯಾಮ್ ಎಂಬ ವ್ಯವಸ್ಥೆ ಒಂದು ಫೈಲನ್ನು ಹೇಗೆ ಓದುತ್ತದೆ ಎಂಬುದು ಗೊತ್ತಿರಬೇಕು.

ಮೊದಲು ಯುನಿಕ್ಸ್‌ನಲ್ಲಿ ಲಾಗಿನ್ ಕೇಳುವ ಪ್ರತಿಯೊಂದು ಪ್ರೋಗ್ರಾಮ್ ಕೂಡ ಪಾಸ್‌ವರ್ಡ್ ಪರೀಕ್ಷಿಸುವ ಕೆಲಸವನ್ನು ತಾನೇ ಮಾಡುತ್ತಿತ್ತು. ಪರೀಕ್ಷಿಸುವ ವಿಧಾನ ಬದಲಾದರೆ ಎಲ್ಲ ಪ್ರೋಗ್ರಾಮ್‌ಗಳನ್ನೂ ಬದಲಿಸಬೇಕಾಗುತ್ತಿತ್ತು. ಈ ಕೆಲಸವನ್ನು ಪ್ರೋಗ್ರಾಮ್‌ಗಳಿಂದ ಹೊರತಂದು, ಬೇಕೆಂದಾಗ ಜೋಡಿಸಬಹುದಾದ ಸಣ್ಣ ಘಟಕಗಳಿಗೆ ವಹಿಸುವ ಪ್ರಸ್ತಾವವನ್ನು 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಮುಂದಿಟ್ಟರು. ಅದೇ ಪ್ಯಾಮ್. ಇಂದು ನಿಮ್ಮ ಯಂತ್ರದ ಲಾಗಿನ್ ಪರದೆ, ಸುಡೊ, ದೂರದ ಯಂತ್ರದಿಂದ ಒಳಬರಲು ಬಳಸುವ ಎಸ್‌ಎಸ್‌ಎಚ್ ಎಲ್ಲವೂ ಪ್ಯಾಮ್‌ನ ಮಾತನ್ನೇ ಕೇಳುತ್ತವೆ, ಮತ್ತು ಉಬುಂಟುವಿನಲ್ಲಿ ಅವೆಲ್ಲ ಕಾಮನ್-ಆಥ್ ಎಂಬ ಒಂದೇ ಫೈಲನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತವೆ. ಆದ್ದರಿಂದಲೇ ಅಲ್ಲಿ ಒಂದು ಸಾಲು ಕೆಟ್ಟಾಗ ಸುಡೊ ಸಹ ಜೊತೆಗೇ ಕೈಕೊಟ್ಟಿತು.

ಈಗ ನೀವು ಕಳಿಸಿದ ಪ್ರತಿಗೆ ಬರೋಣ. ಮೂಲದಲ್ಲಿ ಮುಖ್ಯವಾದ ಸಾಲುಗಳು ಮೂರೇ. ಮೊದಲನೆಯದು ಪ್ಯಾಮ್-ಯುನಿಕ್ಸ್, ಪಾಸ್‌ವರ್ಡ್ ಪರೀಕ್ಷಿಸುವುದು ಅದೇ. ಎರಡನೆಯದು ಪ್ಯಾಮ್-ಡಿನೈ; ಅದು ಯಾರು ಬಂದರೂ ಇಲ್ಲವೆನ್ನುತ್ತದೆ. ಮೂರನೆಯದು ಪ್ಯಾಮ್-ಪರ್ಮಿಟ್, ಅದು ಯಾರು ಬಂದರೂ ಹೂಂ ಎನ್ನುತ್ತದೆ. ಪ್ಯಾಮ್-ಯುನಿಕ್ಸ್ ಸಾಲಿನಲ್ಲಿ ಚೌಕ ಆವರಣದೊಳಗೆ ‘ಸಕ್ಸೆಸ್=1’ ಎಂದು ಇದೆಯಲ್ಲವೇ? ಆ 1 ಎಂಬುದು ‘ಹೌದು’ ಎಂಬ ಗುರುತಲ್ಲ. ಪಾಸ್‌ವರ್ಡ್ ಸರಿಯಿದ್ದರೆ ಮುಂದಿನ ಒಂದು ಸಾಲನ್ನು ಹಾರಿಬಿಡು ಎಂಬ ಆಜ್ಞೆ ಅದು. ಸರಿಯಾದ ಪಾಸ್‌ವರ್ಡ್ ಕೊಟ್ಟವನು ‘ಡಿನೈ’ ಸಾಲನ್ನು ಹಾರಿ ‘ಪರ್ಮಿಟ್’ ಸಾಲಿಗೆ ಇಳಿಯುತ್ತಾನೆ. ತಪ್ಪು ಕೊಟ್ಟವನು ಹಾರಲಾಗದೆ ನೇರವಾಗಿ ‘ಡಿನೈ’ಗೆ ಬೀಳುತ್ತಾನೆ.

ಖಾತೆಗೆ ಆಗಲೇ ಬೀಗ ಬಿದ್ದಿದೆಯೇ ಎಂದು ನೋಡುವ, ಫೇಲ್‌ಲಾಕ್‌ನ ‘ಪ್ರಿಆಥ್’ ಸಾಲನ್ನು ನೀವು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೀರಿ, ಅದು ಸರಿ. ತಪ್ಪನ್ನು ಎಣಿಕೆಗೆ ಸೇರಿಸುವ ‘ಆಥ್‌ಫೇಲ್’ ಸಾಲನ್ನು ಮಾತ್ರ ಯುನಿಕ್ಸ್ ಮತ್ತು ಡಿನೈ ಸಾಲುಗಳ ನಡುವೆ ಸೇರಿಸಿ, 1 ಎಂಬ ಅಂಕಿಯನ್ನು ಹಾಗೆಯೇ ಬಿಟ್ಟಿದ್ದೀರಿ. ಈಗ ಸರಿಯಾದ ಪಾಸ್‌ವರ್ಡ್ ಕೊಟ್ಟವನು ಒಂದು ಸಾಲು ಹಾರುತ್ತಾನೆ, ಅಂದರೆ ನೀವು ಹೊಸದಾಗಿ ಸೇರಿಸಿದ ಸಾಲನ್ನು ಹಾರುತ್ತಾನೆ, ಮತ್ತು ಹೋಗಿ ‘ಡಿನೈ’ ಮೇಲೆಯೇ ಇಳಿಯುತ್ತಾನೆ. ತಪ್ಪು ಪಾಸ್‌ವರ್ಡ್ ಕೊಟ್ಟವನು ‘ಆಥ್‌ಫೇಲ್’ ಸಾಲಿನಲ್ಲೇ ಮುಗಿಯುತ್ತಾನೆ. ಇಬ್ಬರಿಗೂ ಬಾಗಿಲಿಲ್ಲ. ಆ ಅಂಕಿಯನ್ನು 2 ಮಾಡಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಜೊತೆಗೆ ಕಾಮನ್-ಅಕೌಂಟ್ ಫೈಲಿನಲ್ಲಿಯೂ ಫೇಲ್‌ಲಾಕ್‌ನ ಒಂದು ಸಾಲು ಬೇಕು. ಅದಿಲ್ಲದಿದ್ದರೆ ಸರಿಯಾಗಿ ಒಳಬಂದ ಮೇಲೂ ಹಳೆಯ ತಪ್ಪುಗಳ ಎಣಿಕೆ ಅಳಿಯುವುದಿಲ್ಲ. ಕಾಲು ಗಂಟೆಯೊಳಗೆ ನಡುನಡುವೆ ಮೂರು ಸಲ ತಪ್ಪಿದ ಅಮಾಯಕನಿಗೂ ಬೀಗ ಬೀಳುತ್ತದೆ.

ಇದರ ವಿರುದ್ಧದ ತಪ್ಪು ಇನ್ನೂ ಅಪಾಯಕರ ಎಂಬುದನ್ನು ಗಮನಿಸಿ. ಪ್ಯಾಮ್-ಪರ್ಮಿಟ್ ಸಾಲು ‘ಸಫಿಶಿಯೆಂಟ್’ ಎಂಬ ಗುರುತಿನೊಂದಿಗೆ ಫೈಲಿನ ತಲೆಗೆ ಬಂದುಬಿಟ್ಟರೆ, ಮುಂದಿನ ಸಾಲುಗಳನ್ನು ಓದುವ ಮೊದಲೇ ಪ್ಯಾಮ್ ಒಪ್ಪಿಗೆ ಕೊಟ್ಟುಬಿಡುತ್ತದೆ, ಮತ್ತು ಯಾವ ಪಾಸ್‌ವರ್ಡ್ ಒತ್ತಿದರೂ ಯಂತ್ರ ತೆರೆದುಕೊಳ್ಳುತ್ತದೆ. ಬಾಗಿಲು ಬಿಗಿಯಾಗಿ ಮುಚ್ಚಿಹೋದರೆ ಅರ್ಧ ಗಂಟೆಯಲ್ಲಿ ಯಾರಾದರೂ ದೂರು ತರುತ್ತಾರೆ. ಹಾರುಹೊಡೆದು ತೆರೆದಿದ್ದರೆ ಸರಿಯಾದ ಪಾಸ್‌ವರ್ಡ್ ಒತ್ತುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲವಾದ್ದರಿಂದ ಅದು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ಆದಕಾರಣ ಬದಲಾವಣೆಯ ನಂತರ ಸರಿಯಾದ ಪಾಸ್‌ವರ್ಡ್ ಒಪ್ಪುತ್ತದೆಯೇ ಎಂದು ನೋಡಿ ಸುಮ್ಮನಾಗಬಾರದು. ತಪ್ಪು ಪಾಸ್‌ವರ್ಡ್ ಅನ್ನು ಬೇಕೆಂದೇ ಒತ್ತಿ, ಅದು ನಿರಾಕರಿಸುತ್ತದೆಯೇ ಎಂದೂ ನೋಡಲೇಬೇಕು.

ಮುಂದಿನ ಸಲ ಕೆಲಸ ಶುರು ಮಾಡುವ ಮೊದಲು ಫೈಲಿನ ಪ್ರತಿ ಇಟ್ಟುಕೊಳ್ಳಿ. ಒಂದು ಟರ್ಮಿನಲ್‌ನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಿ ಒಳಗೆ ಹೋಗಿ, ಎಲ್ಲ ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಚ್ಚದೆ ಹಾಗೆಯೇ ಬಿಡಿ. ಪ್ಯಾಮ್ ಪ್ರಶ್ನೆ ಕೇಳುವುದು ಒಳಬರುವವರನ್ನು ಮಾತ್ರ, ಆಗಲೇ ಒಳಗಿರುವವರನ್ನಲ್ಲ. ಹಾಗಾಗಿ ಏನೇ ಕೆಟ್ಟರೂ ಆ ಕಿಟಕಿಯಿಂದ ಸರಿಪಡಿಸಬಹುದು. ಪರೀಕ್ಷೆಗೆಂದೇ ಒಂದು ಖಾತೆ ಮಾಡಿ, ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಬರುವ ಬೇರೆ ಪರದೆಯಲ್ಲಿ ಅದರಿಂದ ಪ್ರಯತ್ನಿಸಿ. ಇದನ್ನು ಒಂದು ಯಂತ್ರದಲ್ಲಿ ಒಂದು ದಿನ ನಡೆಸಿ ನೋಡಿದ ಮೇಲೆ ಉಳಿದ 39ಕ್ಕೆ ಕೈಹಾಕಿ. ಕಾಮನ್-ಆಥ್ ಫೈಲನ್ನು ಕೈಯಿಂದ ತಿದ್ದುವ ಬದಲು ಪ್ಯಾಮ್-ಆಥ್-ಅಪ್‌ಡೇಟ್ ಎಂಬ ಉಪಕರಣ ಬಳಸುವುದು ಮೇಲು, ಏಕೆಂದರೆ ಹಾರಬೇಕಾದ ಸಾಲುಗಳ ಲೆಕ್ಕವನ್ನು ಅದೇ ಮಾಡುತ್ತದೆ. ರೆಡ್ ಹ್ಯಾಟ್ ಬಳಗದ ಯಂತ್ರಗಳಲ್ಲಿ ಇದೇ ಕೆಲಸಕ್ಕೆ ಆಥ್‌ಸೆಲೆಕ್ಟ್ ಇದೆ, ಅದರಲ್ಲಿ ಫೇಲ್‌ಲಾಕ್ ಸೇರಿಸಲು ಒಂದೇ ಆಜ್ಞೆ ಸಾಕು.

ಇನ್ನು, ಮೂರು ಸಲ ಎಂಬ ಮಿತಿ ನಿಮ್ಮ ಪ್ರಯೋಗಾಲಯಕ್ಕೆ ಬೇಕೇ ಎಂಬುದನ್ನೂ ಯೋಚಿಸಿ. ಫೇಲ್‌ಲಾಕ್‌ಗೆ ನಾವು ಏನನ್ನೂ ಹೇಳದಿದ್ದರೆ ಅದು 15 ನಿಮಿಷದೊಳಗೆ 3 ತಪ್ಪಿಗೆ ಬೀಗ ಹಾಕಿ, 10 ನಿಮಿಷದ ನಂತರ ತಾನೇ ತೆಗೆಯುತ್ತದೆ. ಪ್ರಾಯೋಗಿಕ ಪರೀಕ್ಷೆಯ ದಿನ ಪಕ್ಕದ ಹುಡುಗನ ಹೆಸರಿನಲ್ಲಿ ಮೂರು ಸಲ ಏನನ್ನೋ ಕುಟ್ಟಿ ಅವನನ್ನು ಹತ್ತು ನಿಮಿಷ ಹೊರಗಿಡುವ ಕಲೆಯನ್ನು ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಿತಿಯನ್ನು 10 ತಪ್ಪಿಗೆ ಏರಿಸಿ, ಬೀಗದ ಅವಧಿಯನ್ನು 5 ನಿಮಿಷಕ್ಕೆ ಇಳಿಸಿದರೆ ಊಹಿಸಿ ಒತ್ತುವವನಿಗೆ ಅಡ್ಡಿ ಉಳಿಯುತ್ತದೆ, ಚೇಷ್ಟೆಯ ಫಲ ಕಡಿಮೆಯಾಗುತ್ತದೆ. ಎಣಿಕೆಯ ಫೈಲುಗಳು ಇರುವುದು ಯಂತ್ರ ಮರುಚಾಲನೆಯಾದರೆ ಅಳಿಯುವ ಜಾಗದಲ್ಲಿ ಎಂಬುದೂ ನಿಮಗೆ ತಿಳಿದಿರಲಿ.

ಕೊನೆಗೊಂದು ಮಾತು. ರಿಕವರಿ ಮೋಡ್‌ನಲ್ಲಿ ಪಾಸ್‌ವರ್ಡ್ ಇಲ್ಲದೆಯೇ ನಿಮಗೆ ರೂಟ್ ಅಧಿಕಾರ ಸಿಕ್ಕಿತು. ಯಂತ್ರದ ಮುಂದೆ ಕುಳಿತ ಯಾವ ವಿದ್ಯಾರ್ಥಿಗೂ ಅದು ಹಾಗೆಯೇ ಸಿಗುತ್ತದೆ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿಗೂ ಬಯೋಸ್‌ಗೂ ಪಾಸ್‌ವರ್ಡ್ ಹಾಕದೆ ಪ್ಯಾಮ್ ಅನ್ನು ಎಷ್ಟು ಬಿಗಿ ಮಾಡಿದರೂ ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಕಚೇರಿ. ಕ್ಲೌಡ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ಪಡೆದಿದ್ದೇವೆ. ಎಸ್‌ಎಸ್‌ಎಚ್‌ಗೆ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲು) ಮಾತ್ರ ಸಾಕೆಂದು ಮುಖ್ಯ ಸಂರಚನಾ ಫೈಲಿನ ಕೊನೆಯಲ್ಲಿ ‘ಪಾಸ್‌ವರ್ಡ್ ಅಥೆಂಟಿಕೇಶನ್ ನೋ’ ಎಂದು ಬರೆದು ಸೇವೆಯನ್ನು ಮರುಚಾಲನೆ ಮಾಡಿದೆ. ಆದರೂ ಲಾಗ್‌ನಲ್ಲಿ ‘ಫೇಲ್ಡ್ ಪಾಸ್‌ವರ್ಡ್’ ಎಂಬ ಸಾಲುಗಳು ಬರುತ್ತಲೇ ಇವೆ. ಇದು ಸಹಜವೇ?

ಉತ್ತರ: ಸಹಜವಲ್ಲ. ಕೀ ಮಾತ್ರ ಒಪ್ಪುವ ಸರ್ವರ್ ಪಾಸ್‌ವರ್ಡ್ ಕೇಳುವುದೇ ಇಲ್ಲವಾದ್ದರಿಂದ ಆ ಸಾಲುಗಳು ನಿಲ್ಲಬೇಕಿತ್ತು. ಅವು ಬರುತ್ತಿವೆ ಎಂದರೆ ನಿಮ್ಮ ಸರ್ವರ್ ಇನ್ನೂ ಪಾಸ್‌ವರ್ಡ್ ಕೇಳುತ್ತಿದೆ, ಮತ್ತು ಊಹಿಸಿ ಒತ್ತುತ್ತಿರುವವರಿಗೆ ಅವಕಾಶವೂ ಇದೆ.

ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ತನ್ನ ಫೈಲನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ, ಒಂದೇ ಆಯ್ಕೆ ಎರಡು ಕಡೆ ಬಂದರೆ ಮೊದಲು ಕಂಡ ಮೌಲ್ಯವನ್ನು ಹಿಡಿದು ನಂತರದ್ದನ್ನು ಬಿಟ್ಟುಬಿಡುತ್ತದೆ. ಕೊನೆಯಲ್ಲಿ ಬರೆದದ್ದೇ ಗೆಲ್ಲುತ್ತದೆ ಎಂಬ ಬೇರೆ ಪ್ರೋಗ್ರಾಮ್‌ಗಳ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಉಬುಂಟು ಮತ್ತು ಡೆಬಿಯನ್‌ಗಳ ಈಚಿನ ಆವೃತ್ತಿಗಳಲ್ಲಿ ಮುಖ್ಯ ಫೈಲಿನ ಆರಂಭದಲ್ಲೇ ‘ಇನ್‌ಕ್ಲೂಡ್’ ಎಂಬ ಸಾಲಿದ್ದು, ಪಕ್ಕದ ಡೈರೆಕ್ಟರಿಯಲ್ಲಿರುವ ಸಣ್ಣ ಫೈಲುಗಳನ್ನು ಅದು ಮೊದಲೇ ಎಳೆದುಕೊಳ್ಳುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಕ್ಲೌಡ್-ಇನಿಟ್ ಎಂಬ ಸಾಧನ ಅಲ್ಲಿ 50ರಿಂದ ಶುರುವಾಗುವ ಹೆಸರಿನ ಫೈಲೊಂದನ್ನು ಇಟ್ಟು, ಅದರಲ್ಲಿ ಪಾಸ್‌ವರ್ಡ್‌ಗೆ ‘ಯೆಸ್’ ಎಂದು ಬರೆದಿರುವುದುಂಟು. ಅದನ್ನು ತೆರೆದು ನೋಡಿ. ನಿಮ್ಮ ಸಾಲನ್ನು 10ರಿಂದ ಶುರುವಾಗುವ ಹೆಸರಿನ ಬೇರೆ ಫೈಲಿನಲ್ಲಿ ಅದೇ ಡೈರೆಕ್ಟರಿಯಲ್ಲಿ ಇಟ್ಟರೆ ಅದು ಮೊದಲು ಓದಲ್ಪಡುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಪಾಸ್‌ವರ್ಡ್ ಒಳಬರಲು ಇನ್ನೊಂದು ದಾರಿಯಿದೆ. ಅದರ ಹೆಸರು ‘ಕೀಬೋರ್ಡ್ ಇಂಟರ್‌ಆ್ಯಕ್ಟಿವ್’. ಇದು ಪ್ಯಾಮ್ ಕೇಳಿದ ಪ್ರಶ್ನೆಗಳನ್ನು ಬಳಕೆದಾರರಿಗೆ ದಾಟಿಸುವ ವಿಧಾನ, ಮತ್ತು ಪ್ಯಾಮ್ ಮೊದಲು ಕೇಳುವುದೇ ಪಾಸ್‌ವರ್ಡ್. ಎರಡನೆಯ ಹಂತದ ಕೋಡ್ ಬಳಸದವರು ಇದನ್ನೂ ‘ನೋ’ ಮಾಡಬೇಕು. ಯೂಸ್‌ಪ್ಯಾಮ್ ಎಂಬುದು ‘ಯೆಸ್’ ಆಗಿಯೇ ಇರಲಿ. ಖಾತೆಯ ಅವಧಿ ಮುಗಿದಿದೆಯೇ ಎಂದು ನೋಡುವ ಕೆಲಸ ಅದರ ಮೂಲಕ ನಡೆಯುತ್ತದೆ. ರೂಟ್‌ಗೆ ನೇರ ಪ್ರವೇಶವನ್ನು ನಾನಂತೂ ಪೂರ್ತಿ ನಿಲ್ಲಿಸುತ್ತೇನೆ. 2015ರ 7.0 ಆವೃತ್ತಿಯಿಂದ ರೂಟ್‌ಗೆ ಪಾಸ್‌ವರ್ಡ್ ಮೂಲಕ ಬರಲು ಓಪನ್‌ಎಸ್‌ಎಸ್‌ಎಚ್ ತಾನಾಗಿ ಬಿಡುವುದಿಲ್ಲ, ಆದರೆ ಕೀ ಮೂಲಕ ಬಿಡುತ್ತದೆ.

ಫೈಲಿನಲ್ಲಿ ಏನು ಬರೆದಿದ್ದೇನೆ ಎಂದು ಮತ್ತೆ ಮತ್ತೆ ಓದುವುದರಿಂದ ಪ್ರಯೋಜನವಿಲ್ಲ. ಸರ್ವರ್ ಏನು ಅರ್ಥಮಾಡಿಕೊಂಡಿದೆ ಎಂದು ಅದನ್ನೇ ಕೇಳಬೇಕು. ‘ಎಸ್‌ಎಸ್‌ಎಚ್‌ಡಿ’ ಆಜ್ಞೆಗೆ ದೊಡ್ಡ ‘ಟಿ’ ಆಯ್ಕೆ ಕೊಟ್ಟರೆ ಎಲ್ಲ ಫೈಲುಗಳನ್ನೂ ಕೂಡಿಸಿ ಅಂತಿಮವಾಗಿ ಜಾರಿಯಲ್ಲಿರುವ ಮೌಲ್ಯಗಳನ್ನು ಪಟ್ಟಿ ಮಾಡುತ್ತದೆ. ಸಣ್ಣ ‘ಟಿ’ ಕೊಟ್ಟರೆ ಫೈಲಿನಲ್ಲಿ ದೋಷವಿದೆಯೇ ಎಂದಷ್ಟೇ ನೋಡುತ್ತದೆ; ಮರುಚಾಲನೆಗೆ ಮೊದಲು ಅದು ಕಡ್ಡಾಯ. ಇಲ್ಲಿಯೂ ಹಳೆಯ ಸಂಪರ್ಕವನ್ನು ಕಡಿಯದೆ ಹೊಸ ಕಿಟಕಿಯಿಂದ ಪ್ರಯತ್ನಿಸಿ. ಕೀ ಒಪ್ಪದಿದ್ದರೆ ಮೊದಲು ಅನುಮತಿಗಳನ್ನು ನೋಡಿ: ‘ಡಾಟ್ ಎಸ್‌ಎಸ್‌ಎಚ್’ ಡೈರೆಕ್ಟರಿಗೆ 700, ಅದರೊಳಗಿನ ಕೀಗಳ ಫೈಲಿಗೆ 600, ಅಂದರೆ ಎರಡೂ ಮಾಲೀಕರಿಗೆ ಮಾತ್ರ. ಮನೆ ಡೈರೆಕ್ಟರಿಗೆ ಗುಂಪಿನವರೂ ಬರೆಯಬಹುದಾದ ಅನುಮತಿಯಿದ್ದರೂ ಸರ್ವರ್ ಆ ಕೀಯನ್ನು ನಂಬುವುದಿಲ್ಲ, ಮತ್ತು ಕಾರಣವನ್ನು ಬಳಕೆದಾರರಿಗೆ ಹೇಳುವುದೂ ಇಲ್ಲ, ಲಾಗ್‌ನಲ್ಲಿ ಹುಡುಕಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮ ತರಬೇಕೆಂದು ಆಡಳಿತ ಮಂಡಳಿ ಹೇಳುತ್ತಿದೆ. ನಿಮ್ಮ ಅಭಿಪ್ರಾಯ? (ಮೈಸೂರಿನ ಓದುಗರು)

ಉತ್ತರ: ಬೇಡ. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿಯೇ, ಕಾರಣವಿಲ್ಲದೆ ಗಡುವಿಟ್ಟು ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬಾರದು, ಸೋರಿಕೆಯಾದ ಸಾಕ್ಷ್ಯವಿದ್ದಾಗ ಬದಲಿಸಬೇಕು ಎಂದು ಹೇಳಿತು. ತಿಂಗಳಿಗೊಮ್ಮೆ ಬದಲಿಸಬೇಕಾದ ಮನುಷ್ಯ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತಾ ಹೋಗುತ್ತಾನೆ, ಇಲ್ಲವೇ ಚೀಟಿ ಬರೆದು ಮಾನಿಟರ್‌ಗೆ ಅಂಟಿಸುತ್ತಾನೆ.

ಜನ ದುರ್ಬಲ ಪಾಸ್‌ವರ್ಡ್ ಆಯ್ದುಕೊಳ್ಳುವುದು ಇಂದಿನ ಕಥೆಯೂ ಅಲ್ಲ. ಯುನಿಕ್ಸ್‌ನ ಪಾಸ್‌ವರ್ಡ್ ಭದ್ರತೆಯ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಪ್ರಬಂಧದಲ್ಲಿ 3,289 ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿದ ಲೆಕ್ಕವಿದೆ. ಅವುಗಳಲ್ಲಿ 2,831, ಅಂದರೆ ಶೇ. 86ರಷ್ಟು, ತೀರಾ ಚಿಕ್ಕವಾಗಿದ್ದವು ಅಥವಾ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸುಲಭವಾಗಿ ಸಿಗುವಂತಿದ್ದವು. ಆದ್ದರಿಂದ ಮಂಡಳಿಯ ಉತ್ಸಾಹವನ್ನು ಉದ್ದದ ಕಡೆಗೆ, ಮತ್ತು ಸೋರಿಹೋದ ಪಾಸ್‌ವರ್ಡ್‌ಗಳನ್ನು ಒಪ್ಪದಿರುವ ಕಡೆಗೆ ತಿರುಗಿಸಿ. ನಾಲ್ಕೈದು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಆದರೆ ಗಾದೆಯನ್ನೋ ವಚನದ ಸಾಲನ್ನೋ ಬಳಸಬೇಡಿ. ನಿಮ್ಮ ಮೇಲಿನ ನಿಯಂತ್ರಣ ಸಂಸ್ಥೆಯೇ ಗಡುವು ವಿಧಿಸಿದ್ದರೆ ಅದನ್ನು ಪಾಲಿಸುವುದು ಅನಿವಾರ್ಯ.

ಪ್ರಶ್ನೆ: ಶಿರಸಿಯ ಕಡೆಯ ಸಹಕಾರ ಸಂಘವೊಂದರಲ್ಲಿ ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಕೆಲಸ ಬಿಟ್ಟ ನೌಕರರೊಬ್ಬರ ಖಾತೆಯನ್ನು ‘ಪಾಸ್‌ಡಬ್ಲ್ಯುಡಿ’ ಆಜ್ಞೆಯ ಲಾಕ್ ಆಯ್ಕೆಯಿಂದ ಮುಚ್ಚಿದ್ದೆವು. ಎರಡು ವಾರದ ನಂತರವೂ ಅವರ ಹೆಸರಿನಲ್ಲಿ ಸರ್ವರ್‌ಗೆ ಲಾಗಿನ್ ಆಗಿರುವುದು ಕಾಣಿಸಿತು. ಆಜ್ಞೆ ಕೆಲಸ ಮಾಡಲಿಲ್ಲವೇ?

ಉತ್ತರ: ಆಜ್ಞೆ ತನ್ನ ಕೆಲಸ ಮಾಡಿದೆ. ನೀವು ಅದರಿಂದ ನಿರೀಕ್ಷಿಸಿದ ಕೆಲಸ ಅದರದ್ದಲ್ಲ. ಷ್ಯಾಡೋ ಫೈಲಿನಲ್ಲಿ ಪ್ರತಿ ಬಳಕೆದಾರರ ಹೆಸರಿನ ಮುಂದೆ ಪಾಸ್‌ವರ್ಡ್‌ನ ಗುಪ್ತರೂಪ ಇರುತ್ತದೆ. ಆ ಲಾಕ್ ಆಯ್ಕೆ ಅದರ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ, ಅಷ್ಟೆ. ಇನ್ನು ಯಾವ ಪಾಸ್‌ವರ್ಡ್ ಕೊಟ್ಟರೂ ಅದಕ್ಕೆ ಹೊಂದುವುದಿಲ್ಲ. ಆದರೆ ಅವರು ಎಸ್‌ಎಸ್‌ಎಚ್ ಕೀ ಬಳಸುತ್ತಿದ್ದರೆ ಪಾಸ್‌ವರ್ಡ್‌ನ ಪ್ರಶ್ನೆಯೇ ಬರುವುದಿಲ್ಲ. ಕೀ ಎಂದಿನಂತೆ ನಡೆಯುತ್ತದೆ.

ಖಾತೆಯನ್ನೇ ನಿಲ್ಲಿಸಬೇಕಾದರೆ ಅದರ ಅವಧಿ ಮುಗಿಸಬೇಕು. ‘ಯೂಸರ್‌ಮಾಡ್’ ಆಜ್ಞೆಯಲ್ಲಿ ಎಕ್ಸ್‌ಪೈರ್‌ಡೇಟ್‌ಗೆ 1 ಎಂದು ಕೊಟ್ಟರೆ 1970ರ ಜನವರಿ 2ಕ್ಕೇ ಅವಧಿ ಮುಗಿದಂತಾಗುತ್ತದೆ, ಮತ್ತು ಪ್ಯಾಮ್ ಅದನ್ನು ನೋಡಿ ಕೀ ಇದ್ದವರನ್ನೂ ತಡೆಯುತ್ತದೆ. ಆ ಹೊತ್ತಿಗೆ ಅವರ ಸಂಪರ್ಕ ಯಾವುದಾದರೂ ತೆರೆದಿದ್ದರೆ ಅದು ತಾನಾಗಿ ಕಡಿಯುವುದಿಲ್ಲ, ನೀವೇ ಕಡಿಯಬೇಕು. ಅವರ ಕೀಗಳ ಫೈಲನ್ನು ತೆಗೆದಿಡಿ, ಅದೇ ಕೀ ಬೇರೆಯವರ ಖಾತೆಯಲ್ಲಿ, ವಿಶೇಷವಾಗಿ ರೂಟ್‌ನ ಖಾತೆಯಲ್ಲಿ ಕುಳಿತಿದೆಯೇ ನೋಡಿ, ಅವರ ಹೆಸರಿನಲ್ಲಿ ನಿಗದಿತ ವೇಳೆಗೆ ತಾವಾಗಿ ನಡೆಯುವ ಕ್ರಾನ್ ಕೆಲಸಗಳನ್ನೂ ನೋಡಿ.

ಪತ್ರದ ಇನ್ನೊಂದು ಸಾಲು ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ‘ಅಡ್ಮಿನ್ ಪಾಸ್‌ವರ್ಡ್ ನಮಗೆಲ್ಲರಿಗೂ ಗೊತ್ತಿದೆ’ ಎಂದು ಸಹಜವಾಗಿ ಬರೆದಿದ್ದೀರಿ. ಹಾಗಾದರೆ ಅದು ಹೋದವರಿಗೂ ಗೊತ್ತು. ಇಂದೇ ಬದಲಿಸಿ. ಮುಂದೆ ಹಂಚಿಕೊಂಡ ಖಾತೆಯೇ ಇಲ್ಲದಂತೆ, ಅಗತ್ಯವಿರುವ ಇಬ್ಬರಿಗೆ ಅವರವರ ಹೆಸರಿನಿಂದಲೇ ಸುಡೊ ಅಧಿಕಾರ ಕೊಡಿ. ಸುಡೊ ನಿಯಮಗಳನ್ನು ಬರೆಯುವಾಗ ‘ವಿಸುಡೊ’ ಮೂಲಕವೇ ತೆರೆಯಿರಿ. ತಪ್ಪು ಸಾಲಿದ್ದರೆ ಉಳಿಸುವ ಮೊದಲೇ ಎಚ್ಚರಿಸುತ್ತದೆ. ಸಂಘದ ಹಣದ ಲೆಕ್ಕ ಇರುವ ಯಂತ್ರದಲ್ಲಿ ಯಾವ ನಮೂದನ್ನು ಯಾರು ತಿದ್ದಿದರು ಎಂಬ ಪ್ರಶ್ನೆಗೆ ‘ಅಡ್ಮಿನ್’ ಎಂಬುದು ಉತ್ತರವಾಗಲಾರದು. ಎರಡು ವಾರದ ಲಾಗಿನ್‌ಗಳ ದಾಖಲೆಯನ್ನು ಅಳಿಯುವ ಮೊದಲು ಪ್ರತಿ ಮಾಡಿಟ್ಟು ನಿಮ್ಮ ಕಾರ್ಯದರ್ಶಿಯವರಿಗೆ ಲಿಖಿತವಾಗಿ ತಿಳಿಸಿ.

ಪ್ರಶ್ನೆ: ಮಂಗಳೂರಿನ ಮನೆಯಲ್ಲಿ ಒಂದು ಸಣ್ಣ ಸರ್ವರ್ ಇಟ್ಟಿದ್ದೇನೆ. ಪಾಸ್‌ವರ್ಡ್ ಜೊತೆಗೆ ಮೊಬೈಲ್ ಆ್ಯಪ್‌ನ ಆರಂಕಿಯ ಕೋಡ್ ಕೇಳುವಂತೆ ಮಾಡಿದ್ದೆ. ಕೆಲಸಕ್ಕೆಂದು ಮಸ್ಕತ್‌ಗೆ ಬಂದ ದಿನದಿಂದ ಒಂದು ಕೋಡನ್ನೂ ಅದು ಒಪ್ಪುತ್ತಿಲ್ಲ. ಮೊಬೈಲ್‌ನ ಗಡಿಯಾರವನ್ನು ಇಲ್ಲಿನ ಸಮಯಕ್ಕೆ ಕೈಯಿಂದಲೇ ಸರಿಪಡಿಸಿಕೊಂಡಿದ್ದೇನೆ. ದೇಶ ಬದಲಾದದ್ದಕ್ಕೆ ಹೀಗಾಗಿದೆಯೇ?

ಉತ್ತರ: ದೇಶ ಬದಲಾದದ್ದಕ್ಕಲ್ಲ, ಗಡಿಯಾರವನ್ನು ಕೈಯಿಂದ ತಿರುಗಿಸಿದ್ದಕ್ಕೆ. ಆ ಕೋಡ್ ಹುಟ್ಟುವುದು ಎರಡು ವಸ್ತುಗಳಿಂದ: ನಿಮ್ಮ ಮೊಬೈಲ್ ಮತ್ತು ಸರ್ವರ್ ಇಬ್ಬರಿಗೂ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ, ಮತ್ತು ಆ ಕ್ಷಣದ ಸಮಯ. ಸಮಯವನ್ನು ಎಣಿಸುವುದು ಸ್ಥಳೀಯ ಗಂಟೆಯಿಂದಲ್ಲ. 1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂಬುದರಿಂದ, 30 ಸೆಕೆಂಡಿನ ತುಂಡುಗಳಲ್ಲಿ. ಆ ಎಣಿಕೆ ಮಸ್ಕತ್‌ನಲ್ಲೂ ಮಂಗಳೂರಿನಲ್ಲೂ ಒಂದೇ.

ಕಾಲವಲಯವನ್ನು ಒಮಾನ್‌ಗೆ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ನೀವು ವಲಯವನ್ನು ಭಾರತದ್ದಾಗಿಯೇ ಬಿಟ್ಟು ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದಿರಿ. ಹಾಗಾಗಿ ಮೊಬೈಲ್‌ನ ಲೆಕ್ಕದಲ್ಲಿ 5,400 ಸೆಕೆಂಡು ಕಡಿಮೆಯಾಯಿತು, ಅಂದರೆ ಅದು 180 ಕೋಡ್‌ಗಳಷ್ಟು ಹಿಂದಿನದ್ದನ್ನು ತೋರಿಸುತ್ತಿದೆ. ಸರ್ವರ್ ಸಾಮಾನ್ಯವಾಗಿ ಈಗಿನ ಕೋಡ್ ಜೊತೆಗೆ ಹಿಂದಿನದೊಂದು, ಮುಂದಿನದೊಂದನ್ನು ಮಾತ್ರ ಒಪ್ಪುತ್ತದೆ. ಮೊಬೈಲ್‌ನಲ್ಲಿ ಸಮಯವನ್ನೂ ವಲಯವನ್ನೂ ಸ್ವಯಂಚಾಲಿತಕ್ಕೆ ಬಿಡಿ, ಕೋಡ್ ಒಪ್ಪುತ್ತದೆ. ಒಳಗೆ ಹೋದ ಮೇಲೆ ಸರ್ವರ್‌ನ ಗಡಿಯಾರವೂ ಜಾಲದ ಮೂಲಕ ಸರಿಯಾದ ಸಮಯ ಕೊಡುವ ಎನ್‌ಟಿಪಿಯೊಂದಿಗೆ ಹೊಂದಿಕೊಂಡಿದೆಯೇ ಎಂದು ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯಿಂದ ನೋಡಿ.

ಹಾಗೆಯೇ ಪ್ಯಾಮ್ ಫೈಲಿನಲ್ಲಿ ಆ ಕೋಡ್ ಕೇಳುವ ಸಾಲಿನ ತುದಿಗೆ ‘ನಲ್ಓಕೆ’ ಎಂಬ ಪದ ಉಳಿದಿದೆಯೇ ಗಮನಿಸಿ. ಕೋಡ್ ಸಿದ್ಧಪಡಿಸಿಕೊಳ್ಳದ ಬಳಕೆದಾರರನ್ನು ಕೇಳದೆಯೇ ಒಳಗೆ ಬಿಡು ಎಂದು ಅದರ ಅರ್ಥ. ಎಲ್ಲರಿಗೂ ಸಿದ್ಧವಾಗುವವರೆಗೆ ಅದು ಬೇಕಾಗುತ್ತದೆ, ಆಮೇಲೆ ತೆಗೆಯುವುದನ್ನು ಬಹುಮಂದಿ ಮರೆಯುತ್ತಾರೆ.

ನೀವು ಬಳಸಿರುವ ಗೂಗಲ್ ಅಥೆಂಟಿಕೇಟರ್‌ನ ಪ್ಯಾಮ್ ಘಟಕ ಮೊದಲ ಸಲ ಸಿದ್ಧಪಡಿಸುವಾಗ ಎಂಟಂಕಿಯ ಐದು ತುರ್ತು ಕೋಡ್‌ಗಳನ್ನು ಪರದೆಯ ಮೇಲೆ ತೋರಿಸಿರುತ್ತದೆ. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು, ಅವಕ್ಕೆ ಗಡಿಯಾರದ ಹಂಗಿಲ್ಲ. ಅವುಗಳನ್ನು ಬರೆದಿಟ್ಟುಕೊಂಡಿರದಿದ್ದರೆ ನಿಮ್ಮ ಮನೆ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಶುರುವಾಗುವ ಹೆಸರಿನ ಅದರ ಫೈಲಿನ ಕೊನೆಯಲ್ಲಿ ಸಿಗುತ್ತವೆ. ಎರಡನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ, ಉಳಿದ ಮೂರನ್ನು ಮಂಗಳೂರಿನ ಮನೆಯ ಬೀರುವಿನಲ್ಲಿ ಇರಿಸಿ. ಫೋಟೋ ತೆಗೆದು ಅದೇ ಮೊಬೈಲ್‌ನಲ್ಲಿ ಇಟ್ಟುಕೊಂಡರೆ, ಮೊಬೈಲ್ ಕಳೆದ ದಿನ ಎರಡೂ ಒಟ್ಟಿಗೇ ಹೋಗುತ್ತವೆ.